ಮಾಸ್ತರನ ಕರಿಹಲಗೆ

ನಾನು ಬರೆಯುವ ಈ ಸಂಗತಿ ನಡೆದಾಗ ನನಗೆ ಅರವತ್ತಾರು ವರ್ಷ. ಅದಾಗಿ ಈಗ ಆರು ವರ್ಷ. ಬೈಲಹೊಂಗಲದ ಒಂದು ಅಂಗಡಿಯಲ್ಲಿ ಮೋಟಾರಿನ ತಂತಿ ಸುತ್ತುವ ಕೆಲಸ ನನ್ನದು. ಮುಂಜಾನೆ ದೊಡವಾಡದಿಂದ ಬಸ್ಸಿಗೆ ಬರುತ್ತಿದ್ದೆ, ಸಂಜೆ ಬಸ್ಸಿಗೆ ಹೋಗುತ್ತಿದ್ದೆ. ಅಂಗಡಿಯವನನ್ನು ಎಲ್ಲರೂ ಮಾಸ್ತರ ಅನ್ನುತ್ತಿದ್ದರು. ಶಾಲೆಯಲ್ಲಿ ಕಲಿಸಿದವನಲ್ಲ. ಅವನು ಬೈಯುವ ರೀತಿ ನೋಡಿ ಜನ ಇಟ್ಟ ಹೆಸರು. ಬದುಕಿರುವ ತನಕ ಅವನಿಗೆ ‘ರೀ’ ಹಚ್ಚಿ ಮಾತಾಡಿದೆ. ಈಗ ಸತ್ತಿದ್ದಾನೆ. ಇನ್ನು ಹಚ್ಚುವುದಿಲ್ಲ.

ಈ ಸಲ ಶ್ರಾವಣದಲ್ಲಿ ಹೋದ. ಅಂಗಡಿ ಖಾಲಿ ಮಾಡಲು ಅವನ ಮಗಳು ಧಾರವಾಡದಿಂದ ಬಂದಿದ್ದಳು. ಅಪ್ಪನನ್ನು ಬಲ್ಲವರಿಂದ ನಾಲ್ಕು ನಾಲ್ಕು ಸಾಲು ಬರೆಸಿ ಸಣ್ಣ ಪುಸ್ತಕ ಮಾಡುವ ವಿಚಾರ ಅವಳದು.

“ನೀಲವ್ವಾ, ನೀ ಅವರ ಜೋಡಿ ಹದಿನೇಳು ವರ್ಷ ಇದ್ದಿ. ನಾಕು ಛಲೋ ಮಾತು ಬರದು ಕೊಡು” ಅಂದಳು.

“ಛಲೋವು ನಾಕು ಸಿಗಂಗಿಲ್ಲವಾ. ಇದ್ದದ್ದು ಬರೀತೇನಿ. ನಡೀತೇತೇನು?”

“ಬರಿ. ಛಲೋ ಮಾತು ಬರದವರು ಭಾಳ ಮಂದಿ ಆಗ್ಯಾರ. ಓದಿದ್ರ ಯಾರ ಬಗ್ಗೆ ಅಂತ ಗೊತ್ತಾಗೂದಿಲ್ಲ” ಅಂದಳು. ಆ ಹುಡುಗಿಗೆ ಅಪ್ಪನ ಗುರುತು ಇತ್ತು.

ಅಂಗಡಿಯ ಗೋಡೆಯ ಮೇಲೆ ಅವನ ಕರಿಹಲಗೆ ಹಾಗೇ ಇತ್ತು. ಅದರ ಮೇಲೆ ಹನ್ನೆರಡು ಸಾಲು. ಎಲ್ಲವೂ ಅವನ ಅಕ್ಷರ, ಮುತ್ತು ಪೋಣಿಸಿದಂತೆ. ಕೊನೆಯ ಸಾಲಿನ ಕೊನೆಯ ಶಬ್ದ ಒಂದು ಮಾತ್ರ ನನ್ನ ಅಕ್ಷರ, ಕುಂಬಳಕಾಯಿಯಂತೆ. ಅದು ಅಲ್ಲಿಗೆ ಹೇಗೆ ಬಂತು ಅನ್ನುವುದನ್ನು ಬರೆಯುತ್ತೇನೆ. ಅದನ್ನು ಬರೆದರೆ ಅವನನ್ನು ಬರೆದಂತೆಯೇ.

ಒಣಕಲು ಮನುಷ್ಯ. ಎಡಗೈಯವ. ಕಣ್ಣಿಗೆ ಹಾಕುವ ಚಾಳೀಸಿನ ಒಂದು ಕಾಲು ಮುರಿದಿತ್ತು, ಅದಕ್ಕೆ ಮೋಟಾರಿನ ತಾಮ್ರದ ತಂತಿ ಸುತ್ತಿಕೊಂಡಿದ್ದ. ಸಂಪಗಾಂವದ ಪೂಜೆ ಪುರಾಣದವರ ಮನೆಯ ಮಗ. ಅಪ್ಪನ ದಾರಿ ಬಿಟ್ಟು ಮೋಟಾರು ಕಲಿತ, ಆಮೇಲೆ ಕಂಪ್ಯೂಟರ್ ಕಲಿತ. ಮೈಮೇಲೆ ಉಳಿದಿದ್ದು ಜನಿವಾರ ಒಂದು. ಅದಕ್ಕೆ ಅಂಗಡಿಯ ಕೀಲಿ ಕಟ್ಟಿಕೊಂಡಿದ್ದ. “ದೇವರಿಗೆ ಕರೆಂಟ್ ಬೇಕಾಗೂದಿಲ್ಲ, ಕರೆಂಟಿಗೆ ದೇವರು ಬೇಕಾಗೂದಿಲ್ಲ” ಅನ್ನುತ್ತಿದ್ದ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮಾತಾಡುವಾಗ ಎದುರಿನವರ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದ. ನನ್ನ ತಂಗಿ ತೀರಿಕೊಂಡ ದಿನ ಹೇಳಲು ಹೋದೆ. ಯಾರು, ಏನಾಗಿತ್ತು ಅಂತ ಕೇಳಲಿಲ್ಲ. “ಎಷ್ಟು ದಿನ ಬರೂದಿಲ್ಲ?” ಅಂದ. ಅಷ್ಟೇ. ನನ್ನ ಜೊತೆ ಕೆಲಸ ಮಾಡುವ ಬಸಪ್ಪನ ಮಗಳ ಮದುವೆಗೆ ಬಂದವನು, ಅಕ್ಷತೆ ಹಾಕುವುದು ಬಿಟ್ಟು ಹಂದರದ ಲೈಟಿನ ಸರ ಹಿಡಿದುಕೊಂಡು ನಿಂತ. ಒಂದು ಕಡೆ ತಂತಿಯ ಜೋಡಣೆ ಸಡಿಲಿತ್ತಂತೆ. ಲೈಟಿನವನಿಗೆ ಬೀಗರೆಲ್ಲರ ಮುಂದೆ ಬೈದ. ಊಟ ಮಾಡದೆ ಹೋದ. ಬಸಪ್ಪ ಇಂದಿಗೂ ಹೇಳುತ್ತಾನೆ: “ನನ್ನ ಮಗಳ ಮದಿವ್ಯಾಗ ಮಂತ್ರಕ್ಕಿಂತ ಮಾಸ್ತರನ ಬೈಗಳನ ಜೋರಿತ್ತು.”

ಆ ಮಾತು ಸುಳ್ಳಲ್ಲ. ಆದರೆ ಆ ಜೋಡಣೆ ಸಡಿಲಿದ್ದದ್ದೂ ಸುಳ್ಳಲ್ಲ. ಅವನ ಸಂಗಡ ಇದ್ದ ಸಂಕಟವೇ ಇದು. ಬೈದದ್ದು ಹೆಚ್ಚಾಗಿ ಖರೇ ಇರುತ್ತಿತ್ತು.

ಒಂದು ಸಲ ಕಟಕೋಳದ ರೈತನೊಬ್ಬ ಸುಟ್ಟ ಪಂಪಿನ ಮೋಟಾರು ತಂದಿಟ್ಟ.

“ತಾನಾಗೇ ಸುಟ್ಟತ್ರಿ ಮಾಸ್ತರ್ರ.”

“ತಾನಾಗೇ ಯಾವ ಶಾರ್ಟೂ ಆಗೂದಿಲ್ಲ. ಪ್ರತಿಯೊಂದು ಶಾರ್ಟಿಗೂ ಒಂದು ಹೆಸರು ಇರ್ತದ. ಇದರ ಹೆಸರು ಹೇಳು.”

ರೈತ ಒದ್ದಾಡಿ, ತನ್ನ ತಮ್ಮ ಫ್ಯೂಜಿನ ಜಾಗಕ್ಕೆ ಮೊಳೆ ಹಾಕಿದ್ದನ್ನು ಹೇಳಿದ. “ಹಾಂ. ಈಗ ಮೋಟರ್ ಇಡು, ತಮ್ಮನ್ನ ಕರಕೊಂಡು ಬಾ” ಅಂದ. ತಮ್ಮ ಬಂದು ಬೈಸಿಕೊಂಡ ಮೇಲೆಯೇ ಆ ಮೋಟಾರಿಗೆ ಕೈ ಹಚ್ಚಿದ್ದು.

ಕರಿಹಲಗೆ ಹುಟ್ಟಿದ್ದು ಈ ಬುದ್ಧಿಯಿಂದ. ಅಂಗಡಿಯಲ್ಲಿ ಯಾರಿಂದ ಏನು ಸುಟ್ಟರೂ ಅಲ್ಲಿ ಒಂದು ನಿಯಮ ಬರೆಯುತ್ತಿದ್ದ. ನಿಯಮದ ಮುಂದೆ ಒಂದು ಗೆರೆ, ಗೆರೆಯ ಮುಂದೆ ಸುಟ್ಟವರ ಹೆಸರು. ಸೀಮೆಸುಣ್ಣವನ್ನು ನೀರಲ್ಲಿ ಅದ್ದಿ ಬರೆಯುತ್ತಿದ್ದ. ಹಾಗೆ ಬರೆದರೆ ಲಗೂ ಅಳಿಯುವುದಿಲ್ಲ. ‘ಟೇಬಲ್ಲಿನ ಮೇಲೆ ಚಹಾ ಬಂದ್ — ಬಸಪ್ಪ.’ ‘ಬ್ಯಾಟರಿ ಡಬ್ಬಿಗೆ ವಿಭೂತಿ ಬಂದ್ — ಬಸಪ್ಪ.’ ‘ಕೈಯಲ್ಲಿ ಲೋಹದ ಬಳೆ ಬಂದ್ — ನೀಲವ್ವ.’ ಹೀಗೆ. ಹಲಗೆ ಬಾಗಿಲಿಗೆ ಎದುರು ಇತ್ತು. ರಸ್ತೆಯಲ್ಲಿ ಹೋಗುವವರೂ ಓದಿಕೊಂಡು ಹೋಗುತ್ತಿದ್ದರು.

ಮೂರು ಸಲ ಹೆಸರು ಬಂದರೆ ಮನೆಗೆ. ಇದು ಬರೆಯದ ನಿಯಮ. ಕಿತ್ತೂರಿನವನೊಬ್ಬ, ಛಲೋ ಕೈಯವ, ಮೂರನೆಯ ಹೆಸರು ಬರೆಸಿಕೊಂಡು ಹೋದ. ಆಮೇಲೆ ಬೈಲಹೊಂಗಲದ ಯಾವ ವೈಂಡಿಂಗ್ ಅಂಗಡಿಯವರೂ ಅವನನ್ನು ಒಳಗೆ ಕರೆಯಲಿಲ್ಲ. ಮಾಸ್ತರ ತೆಗೆದವನು ಅಂದರೆ ಕೈ ಕೆಟ್ಟವನು ಅಂತ ಲೆಕ್ಕ. ಅವನು ಈಗ ಕಬ್ಬಿನ ಗಾಡಿ ಹೊಡೆಯುತ್ತಾನೆ.

ನನ್ನ ಹೆಸರು ಎರಡು ಸಲ ಇತ್ತು. ಬಳೆಯದೊಂದು. ಇನ್ನೊಂದು ಚೀಟಿಯದು. ಎರಡು ಮೋಟಾರಿನ ಕಾಯಿಲ್‌ಗಳಿಗೆ ಚೀಟಿ ಅದಲು ಬದಲು ಕಟ್ಟಿದ್ದೆ, ಓದಲು ಬರುತ್ತಿರಲಿಲ್ಲ. ಎರಡೂ ಸುಟ್ಟವು. ‘ಓದದೆ ಚೀಟಿ ಕಟ್ಟುವುದು ಬಂದ್ — ನೀಲವ್ವ’ ಅಂತ ಬರೆದು, ನನ್ನ ಮುಂದೆ ಮಕ್ಕಳು ಬರೆಯುವ ಒಂದು ಪಾಟಿ ಇಟ್ಟ.

“ಓದಲಿಕ್ಕೆ ಬರದವರು ನನ್ನ ಅಂಗಡ್ಯಾಗ ಇರಬಾರದು. ಕಲಿ ಇಲ್ಲಾ ನಡಿ.”

ಐವತ್ತೆರಡರ ವಯಸ್ಸಿನಲ್ಲಿ ಕಲಿತೆ. ಮೊದಲು ಓದಿದ ಶಬ್ದ ನನ್ನ ಹೆಸರೇ, ಆ ಹಲಗೆಯ ಮೇಲೆ. ತಪ್ಪು ಬರೆದರೆ ಪಾಟಿಯನ್ನು ಕಾಲಲ್ಲಿ ನನ್ನ ಕಡೆ ತಳ್ಳುತ್ತಿದ್ದ. ಅಕ್ಷರ ಕೊಟ್ಟವನು ಗುರು ಅಂತ ಜನ ಅನ್ನುತ್ತಾರೆ. ಕಾಲಲ್ಲಿ ತಳ್ಳಿದ ಪಾಟಿಯಿಂದ ಕಲಿತವಳು ನಾನು. ಯಾರಿಗೂ ಕೈ ಮುಗಿಯುವುದಿಲ್ಲ.

ಅಂಗಡಿಯಲ್ಲಿ ಎರಡು ಪಾಲು. ಮುಂದೆ ನಾನು, ಬಸಪ್ಪ, ಮೋಟಾರುಗಳು. ಹಿಂದೆ ಗಾಜಿನ ಅಡ್ಡಗೋಡೆಯ ಆಚೆ ಅವನ ಟೇಬಲ್ಲು, ಕಂಪ್ಯೂಟರ್ ಕೆಲಸ. ಅಲ್ಲಿಗೆ ನನ್ನನ್ನು ಕರೆಯುತ್ತಿದ್ದದ್ದು ಬೆರಳಿನ ಸಲುವಾಗಿ. ಮೋಟಾರಿನ ಹೊಟ್ಟೆಯಲ್ಲಿ ತಂತಿಗೂ ಕಬ್ಬಿಣಕ್ಕೂ ನಡುವೆ ಇಡುವ ದಪ್ಪ ಕಾಗದ ಇರುತ್ತದೆ. ಅದನ್ನು ಕತ್ತರಿಸಿ ಕತ್ತರಿಸಿ ನನ್ನ ಕೈ ಪಳಗಿತ್ತು. ಕಾಳಿನಷ್ಟು ಸಣ್ಣ ವಾಷರ್ ಬೇಕೆಂದರೂ ಕತ್ತರಿಸಿ ಕೊಡುತ್ತಿದ್ದೆ. ಕೈ ನಡುಗುತ್ತಿರಲಿಲ್ಲ. ಅದಕ್ಕೆ ಅವನ ಮೆಚ್ಚುಗೆ ಹೀಗೆ:

“ನಿನ್ನ ಬೆರಳು ಇಲ್ಲಿಟ್ಟು, ನೀ ಹೊರಗ ಕೂಡಲಿಕ್ಕೆ ಬರೂ ಹಂಗಿದ್ರ ಛಲೋ ಇತ್ತು.”

ಆ ವರ್ಷ ನವರಾತ್ರಿಯ ಮುಂಚೆ ಸವದತ್ತಿಯ ಸ್ಟುಡಿಯೋದವನೊಬ್ಬ ತನ್ನ ಕಂಪ್ಯೂಟರ್ ಹೊತ್ತುಕೊಂಡು ಬಂದ. ಮದುವೆಯ ವಿಡಿಯೋ ಮಾಡುವವನು. ತಗಡಿನ ಛಾವಣಿಯ ಕೋಣೆಯಲ್ಲಿ ಅವನ ಕೆಲಸ. ಚಿತ್ರ ಜೋಡಿಸುವಾಗ ಒಳಗಿನ ಗ್ರಾಫಿಕ್ಸ್ ಕಾರ್ಡು ಕಾದು ನಡುವೆ ನಿಂತುಬಿಡುತ್ತಿತ್ತು. ಫ್ಯಾನು ಸಾಲುತ್ತಿರಲಿಲ್ಲ. ಅದಕ್ಕೆ ವಾಟರ್ ಬ್ಲಾಕ್ ಅನ್ನುವುದನ್ನು ಪಾರ್ಸಲ್ ತರಿಸಿದ್ದ. ಅದು ತಾಮ್ರದ ಸಣ್ಣ ಹಲಗೆ, ಒಳಗೆ ನೀರು ಹರಿಯಲು ದಾರಿ. ಫ್ಯಾನು ಬಿಚ್ಚಿ ಅದನ್ನು ಕಾರ್ಡಿನ ಮೇಲೆ ಕೂರಿಸಬೇಕು. ಜ್ವರ ಬಂದವನ ಹಣೆಗೆ ಒದ್ದೆ ಬಟ್ಟೆ ಇಟ್ಟಂತೆ. ಅಂಥದ್ದನ್ನು ನಮ್ಮ ಅಂಗಡಿಯಲ್ಲಿ ಯಾರೂ ಮಾಡಿರಲಿಲ್ಲ. ಮಾಸ್ತರ ಎರಡು ದಿನ ಓದಿ, “ಅಷ್ಟಮಿ ದಿನ ಬಾ, ನಿನ್ನ ಮುಂದ ಹಚ್ಚಿ ಕೊಡ್ತೇನಿ” ಅಂದ.

ಅಷ್ಟಮಿಯ ಹಿಂದಿನ ದಿನ ಮುಂಜಾನೆ ಪಾರ್ಸಲ್ ಅವನೇ ಬಿಚ್ಚಿದ. ನಮಗೆ ಮುಟ್ಟಲು ಕೊಡಲಿಲ್ಲ. ಕಾರ್ಡಿಗೂ ತಾಮ್ರಕ್ಕೂ ನಡುವೆ ಇಡುವ ಮೆತ್ತನೆಯ ಪ್ಯಾಡು ನಾನು ಕತ್ತರಿಸಿ ಕೊಟ್ಟೆ. ಅವು ಎರಡೂ ಕಡೆ ಅಂಟು ಇರುವಂಥವು. ತಾಮ್ರದ ಮುಖಕ್ಕೆ ಅವನೇ ಅಂಟಿಸಿ, ಮುಖ ಮೇಲೆ ಮಾಡಿ ಟೇಬಲ್ಲಿನ ಮೇಲೆ ಇಟ್ಟ. ಮೇಲೆ ಒಂದು ಬಟ್ಟೆ ಸಹ ಮುಚ್ಚಲಿಲ್ಲ.

ಇಲ್ಲಿ ಇನ್ನೊಂದು ಮಾತು ಬರೆಯಬೇಕು. ದಿನಾ ಒಂದು ಗಂಟೆಗೆ ಬಸಪ್ಪ ಊಟಕ್ಕೆ ಮನೆಗೆ ಹೋಗುತ್ತಿದ್ದ. ನಾನು ಮಾಸ್ತರನ ಮನೆಗೆ ಹೋಗಿ ಅವನ ಊಟದ ಡಬ್ಬಿ ತರುತ್ತಿದ್ದೆ. ಆ ಹೊತ್ತು ಅಂಗಡಿಯಲ್ಲಿ ಅವನೊಬ್ಬನೇ. ನವರಾತ್ರಿಯಲ್ಲಿ ಅವರ ಮನೆಯ ಬಾಗಿಲಲ್ಲಿ ನಿಂತಾಗ ಒಳಗೆ ಕೂರಿಸಿದ ದೇವಿ ಕಾಣುತ್ತಿತ್ತು. ಕಿರೀಟಕ್ಕೆ, ಎದೆಯ ಹಾರಕ್ಕೆ ಹಸಿರು ಬೇಗಡೆ. ಬೇಗಡೆ ಅಂದರೆ ಕಾಗದಕ್ಕಿಂತ ತೆಳುವಾದ ಮಿಣಮಿಣ ತಗಡು. ಎಲೆ ಎಲೆಯಾಗಿ, ಮೀನಿನ ಹುರುಪೆಯಷ್ಟು ಸಣ್ಣದಾಗಿ ಕತ್ತರಿಸಿದ್ದು. ದಿನಕ್ಕೊಂದು ಸಾಲು ಹೆಚ್ಚುತ್ತಿತ್ತು.

“ಭಾಳ ಚಂದ ಆಗೇತ್ರಿ ಅಕ್ಕಾರ. ಯಾರು ಮಾಡ್ಯಾರ್ರಿ?” ಅಂತ ಅವನ ಹೆಂಡತಿಯನ್ನು ಕೇಳಿದೆ.

ಆಕೆ ದನಿ ಇಳಿಸಿದಳು. “ಎಲ್ಲಾ ಅವರೇ ಕತ್ತರಿಸಿ ತರ್ತಾರ ನೀಲವ್ವಾ. ಅವರಪ್ಪನ ಕೈ ಅದು. ಯಾರಿಗೂ ಹೇಳಬ್ಯಾಡ ಅಂದಾರ. ನಾ ನಿನಗ ಹೇಳಿದೆ ಅಂತನೂ ಹೇಳಬ್ಯಾಡ.”

ನಾನು ಹೇಳಲಿಲ್ಲ. ಆ ತಾಯಿ ಅವನಿಗಿಂತ ಮೊದಲೇ ಹೋದಳು. ಈಗ ಬರೆದರೆ ಯಾರೂ ಆಕೆಯನ್ನು ಬೈಯುವವರಿಲ್ಲ. ಆದರೆ ಆ ವಾರ ನನ್ನ ಕತ್ತರಿ ದಿನಾ ಮಧ್ಯಾಹ್ನ ಎಡಗಡೆಯ ಮೊಳೆಗೆ ತೂಗಿರುತ್ತಿತ್ತು. ನಾನು ಬಲಗಡೆಯ ಮೊಳೆಗೆ ಹಾಕುವವಳು.

ಅಷ್ಟಮಿಯ ದಿನ ಹನ್ನೊಂದಕ್ಕೆ ಸ್ಟುಡಿಯೋದವನು ಬಂದು ಕುಂತ. ದೀಪಾವಳಿ ಮುಗಿದರೆ ಮದುವೆಗಳು ಸುರುವಾಗುತ್ತವೆ, ಅವನ ಮುಖದಲ್ಲಿ ಅದೇ ಚಿಂತೆ. ಫ್ಯಾನು ಬಿಚ್ಚಿದ ಕಾರ್ಡನ್ನು ಮಾಸ್ತರ ನನ್ನ ಮುಂದೆ ಇಟ್ಟ. ಕಾವು ಎಳೆಯಲು ಹಚ್ಚಿದ್ದ ಹಳೆಯ ಪೇಸ್ಟನ್ನು ಸ್ಪಿರಿಟ್ ಹಚ್ಚಿ ಒರೆಸಿದೆ. ವಾಷರ್ ಎಂಟು ಕತ್ತರಿಸಿ ಕೊಟ್ಟೆ. ಅವನು ತಾಮ್ರವನ್ನು ತಿರುವಿ ಕಾರ್ಡಿನ ಮೇಲೆ ಕೂರಿಸಿದ, ಎಂಟೂ ಸ್ಕ್ರೂ ಬಿಗಿದ. ನೀರು ಇನ್ನೂ ತುಂಬಿರಲಿಲ್ಲ. ಮೊದಲು ಒಂದು ಗಳಿಗೆ ಕರೆಂಟ್ ಕೊಟ್ಟು ನೋಡುವುದು ಅವನ ಪದ್ಧತಿ.

ಕೊಟ್ಟ. ಕಂಪ್ಯೂಟರ್ ಡಬ್ಬಿಯ ಫ್ಯಾನು ಅರ್ಧ ಸುತ್ತು ತಿರುಗಿತು. ಟಕ್ ಅಂತ ನಿಂತಿತು. ಮತ್ತೆ ಕೊಟ್ಟ. ಮತ್ತೆ ಟಕ್.

ಸ್ಟುಡಿಯೋದವನು ಎದ್ದು ನಿಂತ. “ಏನಾತ್ರಿ?”

“ಕೂಡು. ಎಲ್ಲೋ ಶಾರ್ಟ್ ಅದ.”

ಹುಡುಕುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಅದನ್ನು ಒಪ್ಪುತ್ತೇನೆ. ಕಾರ್ಡು ತೆಗೆದು ಕಂಪ್ಯೂಟರ್ ಚಾಲೂ ಮಾಡಿದ, ನಡೆಯಿತು. ಅಂದರೆ ತಪ್ಪು ಕಾರ್ಡಿನ ಕಡೆ. ತಾಮ್ರ ಬಿಚ್ಚಿ ಹಳೆಯ ಫ್ಯಾನು ಹಚ್ಚಿ ಹಾಕಿದ, ನಡೆಯಿತು. ಅಂದರೆ ಕಾರ್ಡು ಸುಟ್ಟಿಲ್ಲ. ಮತ್ತೆ ತಾಮ್ರ ಹಚ್ಚಿ ಮೀಟರ್ ಹಿಡಿದ. ಆ ಮೀಟರಿಗೆ ಎರಡು ಮುಳ್ಳು. ಎರಡು ಕಡೆ ಮುಟ್ಟಿಸಿದಾಗ ನಡುವೆ ದಾರಿ ಇದ್ದರೆ ಕುಂಯ್ ಅನ್ನುತ್ತದೆ. ದಾರಿ ಇರಬಾರದ ಕಡೆ ಕುಂಯ್ ಅಂದರೆ ಅದೇ ಶಾರ್ಟು. ತಾಮ್ರ ಹಚ್ಚಿದಾಗ ಕುಂಯ್. ಬಿಚ್ಚಿದಾಗ ಸುಮ್ಮನೆ. ಹಚ್ಚಿದಾಗ ಕುಂಯ್.

ಅಲ್ಲಿಯ ತನಕ ಸರಿಯಾಗಿ ಬಂದವನು ಅಲ್ಲಿ ನಿಂತು, ಚಾಳೀಸಿನ ಮೇಲಿಂದ ನನ್ನ ಕೈ ನೋಡಿದ. ಮರುದಿನ ಖಂಡೇ ಪೂಜೆ, ಅಂದರೆ ಆಯುಧ ಪೂಜೆ. ಅಂಗಡಿಯ ಹತ್ಯಾರಗಳಿಗೆ ಹಚ್ಚಲು ಅರಿಷಿಣ ಕುಂಕುಮದ ಪುಡಕೆ ತಂದು ನನ್ನ ಚೀಲದಲ್ಲಿ ಇಟ್ಟಿದ್ದೆ. ಅದರ ತುದಿ ಹೊರಗೆ ಕಾಣುತ್ತಿತ್ತು.

“ಆ ಪುಡಕಿ ಮುಟ್ಟಿದ ಕೈಲೆ ಕಾರ್ಡ್ ಒರಸಿದ್ಯಾ?”

“ಇಲ್ರಿ. ಕೈ ತೊಳಕೊಂಡೇನಿ.”

“ಕುಂಕುಮ ಉದುರಿಸೀದಿ. ಗೊತ್ತಾತು.”

ಎದ್ದ. ಸೀಮೆಸುಣ್ಣ ನೀರಲ್ಲಿ ಅದ್ದಿದ. ‘ಕುಂಕುಮದ ಕೈಯಿಂದ ಕಾರ್ಡ್ ಮುಟ್ಟುವುದು ಬಂದ್’ ಅಂತ ಬರೆದು, ಗೆರೆ ಎಳೆದು, ಮುಂದೆ ನನ್ನ ಹೆಸರು ಬರೆದ. ಮೂರನೆಯದು. ಸ್ಟುಡಿಯೋದವನು ನೋಡುತ್ತಿದ್ದ. ಬಾಗಿಲಲ್ಲಿ ಚಹಾದ ಕೆಟಲಿ ಹಿಡಿದು ಬಂದ ಹೋಟೆಲಿನವನೂ ಓದಿಕೊಂಡ.

“ನಾಳಿಂದ ಬರಬ್ಯಾಡ” ಅಂದ ಮಾಸ್ತರ, ನನ್ನ ಕಡೆ ನೋಡದೆ.

ಬಸಪ್ಪ ಹೊರಗಿನಿಂದ ಅಂದ: “ಮಾಸ್ತರ್ರ, ನಾಳೆ ಖಂಡೇ ಪೂಜಿರಿ. ಕತ್ತಿ ಪೂಜಿ ನಾಳೆ ಐತಿ. ನೀವು ಇವತ್ತ ಹೊಡದ್ರಿ.”

ನನಗೆ ಕಿತ್ತೂರಿನವನು ನೆನಪಾದ. ಅರವತ್ತಾರರ ಮುದುಕಿಗೆ ಕಬ್ಬಿನ ಗಾಡಿ ಹೊಡೆಯಲು ಸಹ ಯಾರೂ ಕೊಡುವುದಿಲ್ಲ. ನನ್ನ ಹತ್ತಿರ ಇದ್ದದ್ದು ಈ ಹತ್ತು ಬೆರಳು. ಅವು ಕೆಟ್ಟವು ಅಂತ ಗೋಡೆಯ ಮೇಲೆ ಬರೆದರೆ ಮುಗಿಯಿತು. ಅಳು ಬರಲಿಲ್ಲ. ಸಿಟ್ಟು ಬಂತು.

“ಅಳದ್ರೇನ್ರಿ?” ಅಂದೆ.

“ಏನು?”

“ಕುಂಕುಮ ಅಳದ್ರೇನ್ರಿ? ಅಳದು ಮಾತಾಡು ಅಂತ ಹದಿನಾಕು ವರ್ಷ ನನಗ ಬೈದೀರಿ. ಅಳೀದನ ಬರದೀರಿ.”

ನಾನು ಪುಡಕೆ ಬಿಚ್ಚಿ, ಒಂದು ಚಿಟಿಕೆ ಕುಂಕುಮ ಕಾಗದದ ಮೇಲೆ ಹಾಕಿದೆ. ಮೀಟರಿನ ಎರಡೂ ಮುಳ್ಳು ಅದರಲ್ಲಿ ಊರಿದೆ. ಮೀಟರ್ ಸುಮ್ಮನೆ ಇತ್ತು.

“ಅದು ಒಣದು. ಸ್ಪಿರಿಟ್ ಹತ್ತಿದ್ರ?”

ನಾಲ್ಕು ಹನಿ ಸ್ಪಿರಿಟ್ ಬಿಟ್ಟು ಕಲಸಿದೆ. ಮತ್ತೆ ಊರಿದೆ. ಸುಮ್ಮನೆ.

“ಹಂಗಿದ್ರ ನಿನ್ನ ವಾಷರ್ ಹರದಿರಬೇಕು.”

ಎಂಟೂ ಸ್ಕ್ರೂ ಬಿಚ್ಚಿದೆ. ಎಂಟೂ ವಾಷರನ್ನು ಸಾಲಾಗಿ ಇಟ್ಟು, ಒಂದೊಂದಕ್ಕೂ ಮುಳ್ಳು ಹಚ್ಚಿದೆ. ಎಂಟೂ ಸುಮ್ಮನೆ. ಸ್ಟುಡಿಯೋದವನು ಕುರ್ಚಿ ಎಳೆದುಕೊಂಡು ಹತ್ತಿರ ಬಂದ. ಬಸಪ್ಪ ಗಾಜಿಗೆ ಮೂಗು ಹಚ್ಚಿ ನಿಂತಿದ್ದ. ಮಾಸ್ತರ ಕೈ ಕಟ್ಟಿಕೊಂಡಿದ್ದ.

ಎರಡು ಕಡೆಯವರ ಜಗಳದಲ್ಲಿ ಒಬ್ಬನನ್ನೇ ಎಷ್ಟು ಕೇಳಿದರೂ ತಪ್ಪು ಸಿಗುವುದಿಲ್ಲ. ಮುಂಜಾನೆಯಿಂದ ಎಲ್ಲರೂ ಕಾರ್ಡನ್ನೇ ಅಳೆಯುತ್ತಿದ್ದೆವು. ಕಾರ್ಡಿನ ಎದುರು ಕೂರುವ ತಾಮ್ರವನ್ನು ಯಾರೂ ತಿರುವಿ ನೋಡಿರಲಿಲ್ಲ. ಬಿಚ್ಚಿದಾಗಲೆಲ್ಲ ಶಾರ್ಟು ಹೋಗುತ್ತದೆ ಅಂದರೆ, ಆ ಶಾರ್ಟು ತಾಮ್ರದ ಸಂಗಡವೇ ಎದ್ದು ಹೋಗುತ್ತಿದೆ. ಇದನ್ನು ತಿಳಿಯಲು ಕಾಲೇಜು ಬೇಕಾಗಿಲ್ಲ.

“ಅದನ್ನ ಇಲ್ಲಿ ಕೊಡ್ರಿ” ಅಂದೆ.

“ಅದನ್ನ ಮುಟ್ಟಬ್ಯಾಡ. ಅದು ಹೊಸಾದು. ನಾ ನೋಡೇನಿ.”

“ನೋಡೀರಿ. ಅಳದಿಲ್ಲ.”

“ಮುದುಕಿ, ನಾಲಿಗಿ ಉದ್ದ ಆತು.”

“ಬೆರಳ ಉದ್ದ ಅದಾವ್ರಿ. ಅವನ್ನ ಇಲ್ಲಿಟ್ಟು ಹೋಗು ಅಂತಿದ್ರೆಲ್ಲಾ. ಈಗ ಇಡಾಕ ಕೊಡ್ರಿ.”

ಸ್ಟುಡಿಯೋದವನು ಕೈ ಮುಗಿದ. “ಮಾಸ್ತರ್ರ, ಆಯಿ ನೋಡ್ಲಿ ಬಿಡ್ರಿ. ನನಗ ಐದರ ಬಸ್ಸೈತಿ.”

ಗಿರಾಕಿ ಕೈ ಮುಗಿದ ಮೇಲೆ ಅವನಿಗೆ ದಾರಿ ಉಳಿಯಲಿಲ್ಲ. ತಾಮ್ರವನ್ನು ನನ್ನ ಮುಂದೆ ತಳ್ಳಿದ, ಹಿಂದೆ ಪಾಟಿ ತಳ್ಳುತ್ತಿದ್ದ ಹಾಗೇ.

ಕಣ್ಣಿಗೆ ಏನೂ ಕಾಣಲಿಲ್ಲ. ನನ್ನ ಕಣ್ಣು ಆಗಲೇ ಮಂಜು. ಬೆರಳು ಆಡಿಸಿದೆ. ಪ್ಯಾಡಿನ ಮೇಲೆ ಮೆತ್ತಗೆ, ತಾಮ್ರದ ಮೇಲೆ ನುಣ್ಣಗೆ. ಕರೆಂಟು ಬರುವ ಕಡೆಯ ಪ್ಯಾಡಿನ ಅಂಚಿಗೆ ಬಂದಾಗ ಚುಳ್ ಅಂತ ಏನೋ ಚುಚ್ಚಿತು. ಚಿಮುಟದಿಂದ ಹಿಡಿದು ಎಳೆದೆ. ಅಂಟಿಗೆ ಹತ್ತಿಕೊಂಡು ಎದ್ದು ನಿಂತಿದ್ದ ಒಂದು ಚೂರು, ಜೀರಿಗೆ ಕಾಳಿನಷ್ಟು. ತಾಮ್ರಕ್ಕೂ ಕಾರ್ಡಿನ ಮೇಲಿನ ಬಿಡಿಭಾಗಗಳ ಲೋಹದ ಕಾಲುಗಳಿಗೂ ನಡುವೆ ಇರುವ ಸಂದಿಗೆ ಅದು ಸೇತುವೆ ಆಗಿತ್ತು.

ಬಿಳಿಯ ಕಾಗದದ ಮೇಲೆ ಇಟ್ಟು ಉಗುರಿನಿಂದ ಬಿಡಿಸಿದೆ. ಒಂದು ಕಡೆ ಹಸಿರು, ಮಿಣಮಿಣ. ಮೀಟರಿನ ಮುಳ್ಳು ಎರಡೂ ಹಚ್ಚಿದೆ.

ಕುಂಯ್.

“ಏನದು ಆಯಿ?” ಅಂದ ಸ್ಟುಡಿಯೋದವನು.

“ಪಾರ್ಸಲ್ಲಿನ ಕಸ” ಅಂತ ಮಾಸ್ತರನೇ ಹೇಳಿದ. ಬಹಳ ಲಗೂ ಹೇಳಿದ.

ನಾನು ಅವನ ಮುಖ ನೋಡಿದೆ. ಅವನು ಮೊದಲ ಸಲ ನನ್ನ ಮುಖ ನೋಡಿದ, ಕೈ ಅಲ್ಲ. ನನಗೆ ಗೊತ್ತಿದೆ ಅಂತ ಅವನಿಗೆ ಗೊತ್ತಾಯಿತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಬೇಗಡೆಯ ಮಾತು ಆಡಿದರೆ ಮನೆಯಲ್ಲಿ ಆ ತಾಯಿಗೆ ಬೈಗುಳ. ಅದಕ್ಕೇ ಬಾಗಿಲು ಬಿಟ್ಟು ಕಿಟಕಿಯಿಂದ ಹೊಕ್ಕಂತೆ, ಸುತ್ತಿಕೊಂಡು ಕೇಳಿದೆ.

“ಪಾರ್ಸಲ್ಲಿಂದ ಇರಬೇಕ್ರಿ. ಆದರ ತಾನಾಗೇ ಯಾವ ಶಾರ್ಟೂ ಆಗೂದಿಲ್ಲ, ಪ್ರತಿಯೊಂದಕ್ಕೂ ಒಂದು ಹೆಸರು ಇರ್ತದ ಅಂತ ನೀವ ಅಂತೀರಿ. ಇದರ ಹೆಸರೇನ್ರಿ ಮಾಸ್ತರ್ರ?”

ಅವನು ಆ ಚೂರನ್ನು ಬೆರಳ ತುದಿಗೆ ಅಂಟಿಸಿಕೊಂಡು, ಅಂಗಿಯ ಕಿಸೆಯಲ್ಲಿ ಹಾಕಿಕೊಂಡ. ಕಸ ಆಗಿದ್ದರೆ ನೆಲಕ್ಕೆ ಒಗೆಯುತ್ತಿದ್ದ. ದೇವಿಯ ಮೈಮೇಲಿನದು, ಒಗೆಯಲು ಕೈ ಬರಲಿಲ್ಲ.

ಆಮೇಲೆ ತಾಮ್ರವನ್ನು ಒರೆಸಿ, ಹೊಸ ಪ್ಯಾಡು ಹಚ್ಚಿ, ಮತ್ತೆ ಕೂರಿಸಿದ. ಕರೆಂಟ್ ಕೊಟ್ಟ. ನಡೆಯಿತು. ನೀರು ತುಂಬಿದ, ಹೊರಗಿನ ನಳಿಕೆಯಲ್ಲಿ ನೀರು ಗುಳುಗುಳು ತಿರುಗಿತು. ಎರಡು ತಾಸು ಬಿಟ್ಟು ಮುಟ್ಟಿ ನೋಡಿದರೆ ಕಾರ್ಡು ತಣ್ಣಗಿತ್ತು. ಸ್ಟುಡಿಯೋದವನು ಐದರ ಬಸ್ಸಿಗೆ ಹೋದ. ಹೋಗುವಾಗ ನನಗೆ “ಬರತೇನಿ ಆಯಿ” ಅಂದ. ಮಾಸ್ತರನಿಗೆ ಹೇಳಲು ಮರೆತ.

ಅವನು ಹೋದ ಮೇಲೆ ಮಾಸ್ತರ ಒದ್ದೆ ಬಟ್ಟೆ ತೆಗೆದುಕೊಂಡು ಹಲಗೆಯ ಕೊನೆಯ ಸಾಲು ಒರೆಸಿದ. ನನ್ನ ಹೆಸರೂ ಹೋಯಿತು. ಅದೇ ಜಾಗದಲ್ಲಿ ಹೊಸದು ಬರೆದ: ‘ಟೇಬಲ್ಲಿನ ಮೇಲೆ ಅಂಗಡಿಯ ಕೆಲಸ ಬಿಟ್ಟು ಬೇರೆ ಕೆಲಸ ಬಂದ್ —’ ಗೆರೆ ಎಳೆದ. ಗೆರೆಯ ಮುಂದೆ ಸೀಮೆಸುಣ್ಣ ಒಂದು ಗಳಿಗೆ ನಿಂತಿತು. ಆಮೇಲೆ ಅದನ್ನು ಡಬ್ಬಿಗೆ ಹಾಕಿದ.

“ನಾಳೆ ಖಂಡೇ ಪೂಜಿ. ಲಗೂ ಬಂದು ಅಂಗಡಿ ತೊಳಿ” ಅಂದ. ಚಪ್ಪಲಿ ಮೆಟ್ಟಿಕೊಂಡು ಹೋದ.

ತಪ್ಪಾಯಿತು ಅನ್ನಲಿಲ್ಲ. ಅಂದಿದ್ದರೆ ನಾನು ಈ ಮಾತನ್ನು ಬರೆಯುತ್ತಿರಲಿಲ್ಲ.

ಬಸಪ್ಪ ಬಂದು ಹಲಗೆಯ ಮುಂದೆ ನಿಂತ. “ಹನ್ನೊಂದು ಸಾಲಿಗೆ ಹನ್ನೊಂದು ಹೆಸರು. ಇದೊಂದು ಸಾಲು ತಂದಿ ಇಲ್ಲದ್ದು, ನೋಡವಾ” ಅಂದ.

ದೊಡವಾಡದ ಬಸ್ಸಿನಲ್ಲಿ ಕಿಟಕಿ ಕಡೆ ಕುಂತು ಬಂದೆ. ಕೆಲಸ ಉಳಿದಿತ್ತು. ಬೆರಳಿನ ಮೇಲಿದ್ದ ಕಳಂಕ ಹೋಗಿತ್ತು. ಸಂತೋಷ ಆಗಬೇಕು. ಆಗಲಿಲ್ಲ. ಮಾಡದ ತಪ್ಪಿಗೆ ನನ್ನ ಹೆಸರು ಬರೆಯಲು ಅವನಿಗೆ ಒಂದು ಗಳಿಗೆ ಸಾಕಾಯಿತು. ಮಾಡಿದ ತಪ್ಪಿಗೆ ತನ್ನ ಹೆಸರು ಬರೆಯಲು ಕೈ ಏಳಲಿಲ್ಲ. ನಮ್ಮೂರು ಬರುವ ತನಕ ಆ ಖಾಲಿ ಗೆರೆ ಕಣ್ಣ ಮುಂದೆ ಇತ್ತು.

ಮುಂದೆ ಇನ್ನೂ ಮೂರು ವರ್ಷ ಅಲ್ಲೇ ದುಡಿದೆ, ಸಣ್ಣ ತಂತಿಯ ಕೆಲಸಕ್ಕೆ ಕಣ್ಣು ಸಾಲದಷ್ಟು ಮಂಜಾಗುವ ತನಕ. ಬೈಗುಳ ಒಂದೂ ಕಡಿಮೆ ಆಗಲಿಲ್ಲ. ಬೇಗಡೆಯ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆದರೆ ಮರುವರ್ಷದ ನವರಾತ್ರಿಯಲ್ಲಿ ನನ್ನ ಕತ್ತರಿ ಒಂಬತ್ತೂ ದಿನ ಬಲಗಡೆಯ ಮೊಳೆಯಲ್ಲೇ ಇತ್ತು. ಹಲಗೆಯ ಆ ಕೊನೆಯ ಸಾಲನ್ನು ಅವನು ಸಾಯುವ ತನಕ ಅಳಿಸಲಿಲ್ಲ, ಅದರ ಕೆಳಗೆ ಹೊಸದನ್ನೂ ಬರೆಯಲಿಲ್ಲ. ಒದ್ದೆ ಬಟ್ಟೆ ಅಲ್ಲೇ ಮೊಳೆಗೆ ತೂಗುತ್ತಿತ್ತು, ಕೈ ಚಾಚಿದರೆ ಸಿಗುವ ಹಾಗೆ. ಮಗಳಿಗೆ ಛಲೋ ಮಾತು ಬೇಕೇ ಬೇಕು ಅಂದರೆ ಇದೊಂದನ್ನು ತೆಗೆದುಕೊಳ್ಳಲಿ. ಎರಡನೆಯದು ನನ್ನ ಹತ್ತಿರ ಇಲ್ಲ.

ಆ ಅಷ್ಟಮಿಯ ಮರುದಿನ ಮುಂಜಾನೆ ಮೊದಲ ಬಸ್ಸಿಗೆ ಬಂದೆ. ಕಸ ಹೊಡೆಯುವವಳು ನಾನು, ಇನ್ನೊಂದು ಕೀಲಿ ನನ್ನ ಹತ್ತಿರ ಇರುತ್ತಿತ್ತು. ಬಾಗಿಲು ತೆಗೆದೆ. ಕೊಡ ತುಂಬಿಟ್ಟೆ. ತಂತಿಯ ಡ್ರಮ್ಮನ್ನು ಹಲಗೆಯ ಕೆಳಗೆ ಉರುಳಿಸಿ ತಂದು, ಅದರ ಮೇಲೆ ಹತ್ತಿ ನಿಂತೆ. ಸೀಮೆಸುಣ್ಣ ನೀರಲ್ಲಿ ಅದ್ದಿದೆ. ಗೆರೆಯ ಮುಂದೆ ‘ಮಾಸ್ತರ’ ಅಂತ ಬರೆದೆ. ಕೆಳಗಿಳಿದು ಬಾಗಿಲ ತನಕ ಹೋಗಿ, ರಸ್ತೆಯಿಂದ ಓದಲು ಬರುತ್ತದೆಯೋ ಇಲ್ಲವೋ ನೋಡಿದೆ. ಬರುತ್ತಿತ್ತು. ಕೈ ತೊಳೆದುಕೊಂಡು, ಹತ್ಯಾರಗಳನ್ನೆಲ್ಲ ಸಾಲಾಗಿ ಇಟ್ಟು ಒಂದೊಂದಕ್ಕೂ ಕುಂಕುಮ ಹಚ್ಚಿದೆ. ಹಲಗೆಗೂ ಒಂದು ಬೊಟ್ಟು ಇಟ್ಟೆ. ಆಮೇಲೆ ಕಸಬರಿಗೆ ಹಿಡಿದೆ.